ಹಗೇವಿಗೆ ಮೊದಲು ದೀಪ ಇಳಿಯಬೇಕು

ನಮ್ಮ ಅಜ್ಜನ ಊರು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿದೆ. ಅವರ ಮನೆಯ ಅಂಗಳದಲ್ಲಿ ಒಂದು ಚಪ್ಪಡಿ ಕಲ್ಲು ಇತ್ತು. ಅದರ ಕೆಳಗೆ ಹಗೇವು, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಅದನ್ನು ತೆರೆದದ್ದನ್ನು ನಾನು ನೋಡಿದ್ದು ಒಂದೇ ಸಲ. ಬೆಳಿಗ್ಗೆಯೇ ಕಲ್ಲು ಸರಿಸಿದರು. ಆದರೆ ಮಧ್ಯಾಹ್ನವಾದರೂ ಯಾರೂ ಇಳಿಯಲಿಲ್ಲ. ಅಜ್ಜ ಬುಡ್ಡಿ ದೀಪಕ್ಕೆ ಹಗ್ಗ ಕಟ್ಟಿ ಮೆಲ್ಲಗೆ ಒಳಗೆ ಬಿಟ್ಟರು. ಅರ್ಧ ಇಳಿಯುವಷ್ಟರಲ್ಲಿ ದೀಪ ಆರಿಹೋಯಿತು. "ಈಗ ಬೇಡ, ನಾಳೆ ನೋಡೋಣ" ಎಂದು ಎಲ್ಲರನ್ನೂ ಹಿಂದಕ್ಕೆ ಕಳಿಸಿದರು.

ದೀಪ ಯಾಕೆ ಆರಿತು ಎಂದು ಅರ್ಥವಾಗಲು ನನಗೆ ಎಷ್ಟೋ ವರ್ಷ ಬೇಕಾಯಿತು. ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಸುತ್ತಲಿನ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಳಗೆ ಸೇರಿಕೊಂಡ ಹುಳುಗಳೂ ಅದನ್ನೇ ಮಾಡುತ್ತವೆ, ಇನ್ನೂ ಜೋರಾಗಿ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಹೊಸ ಗಾಳಿ ಬರುವ ದಾರಿಯೇ ಇಲ್ಲ. ಸಾಮಾನ್ಯ ಗಾಳಿಯಲ್ಲಿ ಶೇ. 21ರಷ್ಟು ಇರುವ ಆಮ್ಲಜನಕ ದಿನದಿಂದ ದಿನಕ್ಕೆ ಇಳಿಯುತ್ತದೆ. ಕೊನೆಗೆ ಹುಳುಗಳು ತಿನ್ನುವುದನ್ನು ನಿಲ್ಲಿಸುತ್ತವೆ, ಆಮೇಲೆ ಸಾಯುತ್ತವೆ. ಔಷಧಿ ಇಲ್ಲ, ಪುಡಿ ಇಲ್ಲ. ಹುಳುಗಳು ತಮ್ಮ ಉಸಿರಿಗೆ ತಾವೇ ಬಲಿ.

ಆದರೆ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ಅಷ್ಟು ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 5 ಆಗಿರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದು ಶೇ. 0.04 ಮಾತ್ರ. ಅಂದರೆ ನೂರು ಪಟ್ಟಿಗೂ ಜಾಸ್ತಿ! ಅದು ಗಾಳಿಗಿಂತ ಭಾರ, ಹಾಗಾಗಿ ಕಲ್ಲು ತೆಗೆದ ತಕ್ಷಣ ಎದ್ದು ಹೋಗುವುದಿಲ್ಲ, ತಳದಲ್ಲೇ ಕೂತಿರುತ್ತದೆ. ದೀಪ ನೋಡದೆ ಅವಸರದಲ್ಲಿ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಅವರನ್ನು ಎತ್ತಲು ಹೋಗಿ ಸತ್ತವರೂ ಇದ್ದಾರೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದೀಪ ಉರಿಯಿತು ಎಂದ ಮಾತ್ರಕ್ಕೆ ಒಳಗೆ ಪೂರ್ತಿ ಕ್ಷೇಮ ಎಂದಲ್ಲ. ಇವತ್ತು ಹಳೇ ಹಗೇವಾಗಲಿ, ಪಾಳು ಬಾವಿಯಾಗಲಿ, ಗಾಳಿ ಅಳೆಯುವ ಉಪಕರಣ ಇಲ್ಲದೆ ಇಳಿಯಲೇಬೇಡಿ.

ಹಗೇವು ಎಂದರೆ ಸುಮ್ನೆ ಒಂದು ಗುಂಡಿ ತೋಡಿ ರಾಗಿ ಸುರಿಯುವುದಲ್ಲ. ನೀರು ನಿಲ್ಲದ ಎತ್ತರದ ಜಾಗ ಬೇಕು. ನೆಲ ಗಟ್ಟಿ ಇರಬೇಕು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಗುಡಾಣದ ಹಾಗೆ. ಬಾಯಿ ಚಿಕ್ಕದಾದಷ್ಟೂ ಗಾಳಿ ನುಸುಳುವುದು ಕಮ್ಮಿ. ಗೋಡೆಗೆ ಒತ್ತಾಗಿ ರಾಗಿ ಹುಲ್ಲು, ಮೇಲೂ ಹುಲ್ಲು, ಆಮೇಲೆ ಚಪ್ಪಡಿ, ಅದರ ಸುತ್ತ ಮಣ್ಣು. ಆ ಹುಲ್ಲು ಮಣ್ಣಿನ ತೇವ ಕಾಳಿಗೆ ತಾಗದಂತೆ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ ಒಣಗಿಸುವುದು. ಅಜ್ಜಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿಯುತ್ತಿದ್ದರು. ಕಟ್ ಎಂದರೆ ಸರಿ, ಮೆತ್ತಗೆ ಸಿಕ್ಕಿದರೆ ಇನ್ನೊಂದು ದಿನ ಬಿಸಿಲು. ಕಾಳಿನಲ್ಲಿ ತೇವ ಜಾಸ್ತಿ ಇದ್ದರೆ ಬೂಷ್ಟು ಹಿಡಿಯುತ್ತದೆ. ಅದು ಸುಮಾರು ಶೇ. 12ಕ್ಕಿಂತ ಕೆಳಗಿರಬೇಕು ಎಂದು ಈಗ ಉಪಕರಣ ಹಿಡಿದು ಹೇಳುತ್ತೇವೆ. ಅಜ್ಜಿಗೆ ಹಲ್ಲೇ ಉಪಕರಣ.

ನೆಲದ ಆಳವೂ ಕೆಲಸ ಮಾಡುತ್ತದೆ. ಹಗಲಿನ ಬಿಸಿ, ರಾತ್ರಿಯ ತಂಪು ಒಂದು ಮೀಟರ್ ಕೆಳಗೆ ಹೆಚ್ಚುಕಡಿಮೆ ತಲುಪುವುದೇ ಇಲ್ಲ. ತಗಡಿನ ಡಬ್ಬಿಯಲ್ಲಿ ಹಾಗಲ್ಲ. ಹಗಲು ಕಾದು ರಾತ್ರಿ ತಣಿದಾಗ ಮುಚ್ಚಳದ ಒಳಗೆ ಬೆವರಿನಂತೆ ಹನಿ ಕಟ್ಟುತ್ತದೆ. ಮೊದಲು ಕೆಡುವುದು ಅಲ್ಲಿನ ಕಾಳೇ.

ರಾಗಿಗೆ ತನ್ನದೇ ಗುಣವೂ ಇದೆ. ಅಕ್ಕಿಯ ಸೊಂಡಿಲು ಹುಳು ಒಂದೊಂದು ಕಾಳಿನೊಳಗೆ ಒಂದೊಂದು ಮೊಟ್ಟೆ ಇಡುತ್ತದೆ, ಮರಿ ಅದರೊಳಗೇ ಬೆಳೆಯುತ್ತದೆ. ಒಂದೂವರೆ ಮಿಲಿಮೀಟರ್ ರಾಗಿಯಲ್ಲಿ ಆ ಮರಿಗೆ ಜಾಗವೇ ಸಾಲದು. ಸಿಪ್ಪೆಯಲ್ಲಿರುವ ಒಗರು ಬೂಷ್ಟನ್ನೂ ದೂರ ಇಡುತ್ತದೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ರಾಮ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷೆ ಮಾಡುತ್ತಾನಲ್ವಾ? ಗೆಲ್ಲುವುದು ರಾಗಿ. ಸುಮಾರು ಐನೂರು ವರ್ಷದ ಹಿಂದೆಯೇ ಈ ಗುಣ ಕಾವ್ಯಕ್ಕೆ ಬರುವಷ್ಟು ಮನೆಮಾತಾಗಿತ್ತು.

ಮಳೆ ನಂಬುವಂತಿಲ್ಲದ ನಮ್ಮ ಸೀಮೆಗೆ ಇದು ಪ್ರಾಣದ ಪ್ರಶ್ನೆಯಾಗಿತ್ತು. 1876ರಿಂದ 1878ರವರೆಗಿನ ಧಾತು-ಈಶ್ವರ ಬರದ ಪೆಟ್ಟು ಜನಗಣತಿಯಲ್ಲೇ ಕಾಣುತ್ತದೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಜನರಿದ್ದರು, 1881ರಲ್ಲಿ ಉಳಿದದ್ದು ಸುಮಾರು 42 ಲಕ್ಷ. ಅಂಥ ನಾಡಿನಲ್ಲಿ ಹಲವು ವರ್ಷ ಕೆಡದ ರಾಗಿ ನೆಲದೊಳಗೆ ಇದೆ ಎನ್ನುವುದು ಎಷ್ಟು ದೊಡ್ಡ ಧೈರ್ಯ!

1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕಾದ ಕ್ಯಾಮರೂನ್ ರೈತರ ಅಲಸಂದೆಗಾಗಿ ಮೂರು ಪದರದ ಚೀಲ ರೂಪಿಸಿದರು. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೆ ನೇಯ್ದ ಚೀಲ. ಬಾಯಿ ಬಿಗಿದರೆ ಹುಳುಗಳಿಗೆ ಆಮ್ಲಜನಕ ಸಿಗದು. ಹಗೇವಿನ ತತ್ವವೇ ಅದು. ಎಲ್ಲರೂ ಮತ್ತೆ ಅಂಗಳ ಅಗೆಯಬೇಕು ಎಂದು ನಾನು ಹೇಳುವುದಿಲ್ಲ. ಚೀಲವೇ ಸುಲಭ, ಯಾರ ಜೀವಕ್ಕೂ ಅಪಾಯವಿಲ್ಲ. ನನ್ನ ಸಂಕಟ ಬೇರೆ. ಮೊರ, ಕೊಳಗ, ರೋಣಗಲ್ಲುಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಯಾವುದಾದ ಮೇಲೆ ಯಾವುದು, ಯಾಕೆ ಹಾಗೆ ಎಂಬುದನ್ನು ಎಲ್ಲಿಡುವುದು? ಅದು ಇರುವುದು ಮಾಡಿದವರ ಕೈಯಲ್ಲಿ, ಹಲ್ಲಿನಲ್ಲಿ. ಅವರೆಲ್ಲ ಈಗ ಎಂಬತ್ತು ದಾಟಿದ್ದಾರೆ.

ಅಜ್ಜನ ಅಂಗಳಕ್ಕೆ ಸಿಮೆಂಟು ಬಿದ್ದಿದೆ. ಹೋದ ಬೇಸಿಗೆಯಲ್ಲಿ ನೋಟ್‌ಬುಕ್ಕು, ಟೇಪು ಹಿಡಿದು ದೊಡ್ಡಪ್ಪನ ಮುಂದೆ ಕೂತೆ. "ಬಾಯಿ ಎಷ್ಟು ಅಗಲ ಇತ್ತು, ದೊಡ್ಡಪ್ಪ?" ಎಂದು ಕೇಳಿದೆ. ಅವರಿಗೆ ಅಡಿ, ಅಂಗುಲದ ಲೆಕ್ಕ ನೆನಪಿರಲಿಲ್ಲ. ಎದ್ದು ನಿಂತು, ಎರಡೂ ಕೈ ತಲೆ ಮೇಲೆತ್ತಿ, ಭುಜ ಕುಗ್ಗಿಸಿಕೊಂಡರು. "ಹೀಗೆ ಇಳೀತಿದ್ದೆ. ಅಷ್ಟೇ ಜಾಗ" ಎಂದರು. ಅವರ ಭುಜದಿಂದ ಭುಜಕ್ಕೆ ಟೇಪು ಹಿಡಿದೆ. ಒಂದೂವರೆ ಅಡಿ ಎಂದು ಬರೆದುಕೊಂಡೆ.