ಗೋಬರ್ ಗ್ಯಾಸ್ ಗುಂಡಿಗೆ ಇದ್ದಿಲು ಹಾಕಿದರೆ ಗ್ಯಾಸ್ ಜಾಸ್ತಿ ಬರುತ್ತಾ?

ಪ್ರಶ್ನೆ: ನಮ್ಮದು ಕಲಬುರಗಿ ಕಡೆ. ತೊಗರಿ ಕಟ್ಟಿಗೆ ಹೊಲದಲ್ಲೇ ಸುಟ್ಟು ಹಾಕುತ್ತೇವೆ. ಅದನ್ನು ಇದ್ದಿಲು ಮಾಡಿ ಗೋಬರ್ ಗ್ಯಾಸ್‌ಗೆ ಹಾಕಿದರೆ ಲಾಭ ಇದೆಯಾ?

ಉತ್ತರ: ಗುಂಡಿಗೆ ನೀವು ಏನು ಹಾಕುತ್ತೀರಿ ಅನ್ನುವುದನ್ನು ಮೊದಲು ನೋಡಬೇಕು. ಬರೀ ಸಗಣಿ ಆದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದು ಕಷ್ಟ. ಮಿಕ್ಕ ಅನ್ನ, ತರಕಾರಿ ಸಿಪ್ಪೆ, ಕೋಳಿ ಗೊಬ್ಬರ ಹಾಕುವವರಿಗೆ ಖಂಡಿತ ಪ್ರಯತ್ನಿಸಿ ಎನ್ನುತ್ತೇನೆ.

ಗುಂಡಿಯಲ್ಲಿ ಒಂದು ಗುಂಪಿನ ಸೂಕ್ಷ್ಮಜೀವಿಗಳು ಕಸವನ್ನು ಕೊಳೆಸಿ ಹುಳಿ ಮಾಡುತ್ತವೆ. ಇನ್ನೊಂದು ಗುಂಪು ಅದನ್ನು ತಿಂದು ಮೀಥೇನ್ ಬಿಡುತ್ತದೆ. ಈ ಎರಡನೆಯವು ಬಲು ನಾಜೂಕು, ಬೆಳೆಯುವುದೂ ನಿಧಾನ. ಮದುವೆ ಮನೆಯ ಅನ್ನವನ್ನೆಲ್ಲ ಒಮ್ಮೆಲೇ ಸುರಿದರೆ ಹುಳಿ ಏರಿ ಅವು ಸೋಲುತ್ತವೆ. ಗ್ಯಾಸ್ ಬರುತ್ತದೆ, ಒಲೆ ಮಾತ್ರ ಹತ್ತುವುದಿಲ್ಲ. ಬಂದದ್ದರಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ.

ಇದ್ದಿಲಿನ ತುಂಬ ಕಣ್ಣಿಗೆ ಕಾಣದ ತೂತುಗಳಿವೆ. ಮೀಥೇನ್ ಮಾಡುವ ಜೀವಿಗಳು ಅದಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಅದರ ಬೂದಿಯ ಕ್ಷಾರ ಹುಳಿಯನ್ನು ತಗ್ಗಿಸುತ್ತದೆ. ಚೆನ್ನಾಗಿ ಬೆಂದ ಇದ್ದಿಲು ಒಂದು ಗುಂಪಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್‌ಗಳನ್ನೂ ದಾಟಿಸುತ್ತದೆ. ಎಂಥ ಸೋಜಿಗ ಅಲ್ವಾ!

ಸಗಣಿಗೆ ಹುಳಿ ತಾಳಿಕೊಳ್ಳುವ ಗುಣ ಮೊದಲೇ ಇದೆ. ಮೀಥೇನ್ ಜೀವಿಗಳೂ ಹಸುವಿನ ಹೊಟ್ಟೆಯಿಂದಲೇ ಬಂದಿರುತ್ತವೆ. ಹಾಗಾಗಿ ಬರೀ ಸಗಣಿಯ ಗುಂಡಿಯಲ್ಲಿ ಗ್ಯಾಸ್ ಕಡಿಮೆಯಾದರೆ ಸಗಣಿಯ ಲೆಕ್ಕ ನೋಡಿ. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಎರಡು ಹಸುವಿನಿಂದ ಅದು ಪೂರೈಸುವುದಿಲ್ಲ.

ಇದ್ದಿಲು ಮಾಡುವುದು ಸುಲಭ. ಬಾಯಿ ಅಗಲ, ತಳ ಕಿರಿದು ಇರುವ ಗುಣಿ ತೋಡಿ. ತಳದಲ್ಲಿ ಬೆಂಕಿ ಹಚ್ಚಿ, ಕಟ್ಟಿಗೆಯ ಮೇಲೆ ಬಿಳಿ ಬೂದಿ ಕಾಣುತ್ತಿದ್ದಂತೆ ಇನ್ನೊಂದು ಪದರ ಹಾಕುತ್ತಾ ಬನ್ನಿ. ಗುಣಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ. ಒಂದು ಕೆಂಡ ಉಳಿದರೂ ಬೆಳಗಾಗುವಷ್ಟರಲ್ಲಿ ಬೂದಿಯೇ ಸಿಗುತ್ತದೆ. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಬೇಡವೇ ಬೇಡ.

ಅದನ್ನು ರವೆಯಷ್ಟು ಸಣ್ಣಗೆ ಕುಟ್ಟಿ, ಗುಂಡಿಯಿಂದ ಹೊರಬಂದ ಸ್ಲರಿಯಲ್ಲಿ (ಗ್ಯಾಸ್ ಬಿಟ್ಟ ತೆಳು ಸಗಣಿ) ಕೆಲವು ದಿನ ನೆನೆಸಿ, ಗುಂಡಿಗೆ ದಿನಕ್ಕೊಂದು ಹಿಡಿಯಂತೆ ಹಾಕಲು ಶುರು ಮಾಡಿ. ದೊಡ್ಡ ತುಂಡುಗಳು ತೇಲಿ ಮೇಲೆ ಗಟ್ಟಿ ಪದರ ಕಟ್ಟುತ್ತವೆ. ನೆಲದೊಳಗೆ ಗುಮ್ಮಟದಂತೆ ಕಟ್ಟುವ ದೀನಬಂಧು ಮಾದರಿಯ ಗುಂಡಿಯೊಳಗಿಂದ ಅದನ್ನು ತೆಗೆಯುವುದು ದೊಡ್ಡ ಕೆಲಸ. ಸ್ಲರಿಯ ಜೊತೆ ಹೊರಬರುವ ಇದ್ದಿಲು ಸಾರಜನಕವನ್ನು ಒಂದಿಷ್ಟು ಹಿಡಿದುಕೊಂಡೇ ಹೊಲಕ್ಕೆ ಹೋಗುತ್ತದೆ. ಹಾಗಾಗಿ ಗ್ಯಾಸ್ ಹೆಚ್ಚದಿದ್ದರೂ ನಿಮ್ಮ ಶ್ರಮ ದಂಡವಾಗುವುದಿಲ್ಲ.

ಈಗಾಗಲೇ ಒಲೆ ಹತ್ತುತ್ತಿಲ್ಲವೆಂದರೆ ಇದ್ದಿಲಿಗೆ ಅವಸರ ಬೇಡ. ಕಸ ಹಾಕುವುದನ್ನು ನಿಲ್ಲಿಸಿ, ಕೆಲವು ದಿನ ಸಗಣಿ ನೀರಷ್ಟೇ ಕೊಡಿ. ಉರಿ ನೀಲಿಗೆ ತಿರುಗಿದ ಮೇಲೆ ಕಸವನ್ನೂ ಇದ್ದಿಲನ್ನೂ ಸ್ವಲ್ಪ ಸ್ವಲ್ಪವೇ ಸೇರಿಸಿ.