ಬಂಡೆ ಹತ್ತುವ ಪುಟ್ಟ ಟ್ರಕ್ಕಿನಲ್ಲಿ ತೂಕ ಎಲ್ಲಿರಬೇಕು?

ರಿಮೋಟಿನಿಂದ ಓಡಿಸುವ ರಾಕ್ ಕ್ರಾಲರ್ ಕೊಂಡವರು ಸಾಮಾನ್ಯವಾಗಿ ಮೊದಲು ಬದಲಾಯಿಸುವುದು ಮೋಟಾರನ್ನು. ಟ್ರಕ್ ಬಂಡೆ ಹತ್ತಲಿಲ್ಲ ಅಂದರೆ ಅದಕ್ಕೆ ಶಕ್ತಿ ಸಾಲದು, ಶಕ್ತಿ ಸಾಲದು ಅಂದರೆ ದೊಡ್ಡ ಮೋಟಾರ್ ಬೇಕು ಅನ್ನುವುದು ಅವರ ಲೆಕ್ಕ. ಈ ಲೆಕ್ಕ ಬುಡದಲ್ಲೇ ತಪ್ಪಿದೆ. ಎಷ್ಟೋ ಜನ ಇದನ್ನೇ ನಂಬಿ ದುಡ್ಡು ಸುರಿಯುವುದನ್ನು ನೋಡಿದರೆ ಬೇಜಾರಾಗುತ್ತದೆ. ಯಾಕೆಂದರೆ ಒಂದೇ ಒಂದು ಗುಣಾಕಾರ ಮಾಡಿದರೆ ಸತ್ಯ ಗೊತ್ತಾಗುತ್ತದೆ.

ನಿಜವಾದ ಗಾಡಿಯ ಹತ್ತನೇ ಒಂದರಷ್ಟು ಅಳತೆಯ ಟ್ರಕ್ ಸುಮಾರು 3 ಕಿಲೊ ತೂಗುತ್ತದೆ. ಅದು ಬಂಡೆಯ ಮೇಲೆ ಸೆಕೆಂಡಿಗೆ 10 ಸೆಂಟಿಮೀಟರ್ ಏರುತ್ತದೆ ಅಂದುಕೊಳ್ಳಿ. ಬಂಡೆ ಪೂರ್ತಿ ನೆಟ್ಟಗಿದೆ ಅಂತಲೇ ಇಟ್ಟುಕೊಳ್ಳೋಣ. ಆಗ ಬೇಕಾಗುವ ಶಕ್ತಿ 3 × 9.8 × 0.1, ಅಂದರೆ 3 ವ್ಯಾಟ್‌ಗೂ ತುಸು ಕಡಿಮೆ. ಗೇರು, ಮೋಟಾರುಗಳಲ್ಲಿ ಮುಕ್ಕಾಲು ಪಾಲು ಸೋರಿಹೋದರೂ ಬ್ಯಾಟರಿ ಕೊಡಬೇಕಾದ್ದು 12 ವ್ಯಾಟ್. 7.4 ವೋಲ್ಟ್ ಬ್ಯಾಟರಿಯಲ್ಲಿ ಇದು ಎರಡು ಆಂಪಿಯರ್ ಕೂಡ ಆಗುವುದಿಲ್ಲ. ಪೆಟ್ಟಿಗೆಯಲ್ಲೇ ಬರುವ ಸಾಧಾರಣ ಬ್ರಷ್ ಮೋಟಾರ್ ಇದನ್ನು ಲೀಲಾಜಾಲವಾಗಿ ಕೊಡುತ್ತದೆ.

ಹಾಗಾದರೆ ಟ್ರಕ್ ಸೋಲುವುದು ಎಲ್ಲಿ? ಸೋಲುವ ಹೊತ್ತಿನಲ್ಲಿ ಮಂಡಿಯೂರಿ ಹತ್ತಿರದಿಂದ ನೋಡಬೇಕು. ಮೊದಲು ಮುಂದಿನ ಟೈರಿನ ರಬ್ಬರ್ ಗುಬಟುಗಳು ಬಂಡೆಯ ಅಂಚಿಗೆ ಒತ್ತಿಕೊಂಡು ಬಾಗಿರುತ್ತವೆ. ಟ್ರಕ್ ಮೇಲೇರಿದ ಹಾಗೆ ಆ ಒತ್ತು ಸಡಿಲವಾಗಿ ಗುಬಟುಗಳು ನೆಟ್ಟಗಾಗುತ್ತವೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಪೂರ್ತಿ ಕುಸಿದು ಕೂರುತ್ತವೆ, ಮುಂದಿನವು ಪೂರ್ತಿ ಚಾಚಿಕೊಳ್ಳುತ್ತವೆ. ಆಮೇಲೆ ಮುಂದಿನ ಚಕ್ರ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ, ಇಡೀ ಗಾಡಿ ಹಿಂದಕ್ಕೆ ಮಗುಚಿ ಬೀಳುತ್ತದೆ. ಅಷ್ಟು ಹೊತ್ತೂ ಮೋಟಾರ್ ಒಂದು ಚೂರೂ ತಿಣುಕುವುದಿಲ್ಲ. ಕೈಕೊಟ್ಟದ್ದು ಗುರುತ್ವ ಕೇಂದ್ರ, ಅಂದರೆ ಗಾಡಿಯ ಇಡೀ ತೂಕ ಒಟ್ಟಾಗಿ ಕೂತಂತೆ ಇರುವ ಬಿಂದು.

ಏರುವ ಟ್ರಕ್ ಹಿಂದಕ್ಕೆ ಮಗುಚುವುದು ಹಿಂದಿನ ಚಕ್ರ ನೆಲಕ್ಕೆ ತಾಗಿದ ಜಾಗವನ್ನು ಆಧಾರ ಮಾಡಿಕೊಂಡು. ಗುರುತ್ವ ಕೇಂದ್ರದಿಂದ ಎಳೆದ ತೂಗುಗೆರೆ ಆ ಜಾಗವನ್ನು ದಾಟಿ ಹಿಂದೆ ಹೋಯಿತೋ, ಕಥೆ ಮುಗಿಯಿತು. ಹಾಗಾಗಿ ಎರಡೇ ಅಳತೆ ಮುಖ್ಯ. ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ನಿಂದ ಎಷ್ಟು ಮುಂದಿದೆ, ನೆಲದಿಂದ ಎಷ್ಟು ಮೇಲಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮಗುಚುವ ಕೋನದ ಟ್ಯಾಂಜೆಂಟ್ ಸಿಗುತ್ತದೆ. ಈ ಸೂತ್ರದಲ್ಲಿ ಮೋಟಾರ್ ಇಲ್ಲ. ಒಟ್ಟು ತೂಕವೂ ಇಲ್ಲ! ಬೆನ್ನ ಮೇಲೆ ಮೂಟೆ ಹೊತ್ತವರು ಏರು ಹತ್ತುವಾಗ ಯಾರೂ ಹೇಳಿಕೊಡದೆ ಮುಂದಕ್ಕೆ ಬಾಗುತ್ತಾರಲ್ಲ, ಅವರ ಮೈಗೆ ಗೊತ್ತಿರುವುದು ಇದೇ ಭಾಗಾಕಾರ. ಟ್ರಕ್ಕಿಗೆ ಬಾಗಲು ಬರುವುದಿಲ್ಲ. ಅದರ ಪರವಾಗಿ ನಾವು ತೂಕವನ್ನು ಮುಂದಕ್ಕೆ, ಕೆಳಕ್ಕೆ ಸರಿಸಿ ಇಡಬೇಕು.

ಎಷ್ಟು ಫರಕು ಬೀಳುತ್ತದೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು, ನನಗೆ ಇದರಲ್ಲಿ ಸಿಗುವ ಖುಷಿ ಬೇರೆ ಯಾವುದರಲ್ಲೂ ಸಿಗುವುದಿಲ್ಲ. 2,500 ಗ್ರಾಂ ಟ್ರಕ್, ಎರಡು ಆಕ್ಸಲ್‌ಗಳ ನಡುವೆ 310 ಮಿಲಿಮೀಟರ್, ಗುರುತ್ವ ಕೇಂದ್ರ ಸರಿಯಾಗಿ ಮಧ್ಯದಲ್ಲಿ, 100 ಮಿಲಿಮೀಟರ್ ಎತ್ತರದಲ್ಲಿ. 155ನ್ನು 100ರಿಂದ ಭಾಗಿಸಿದರೆ ಮಗುಚುವ ಕೋನ ಸುಮಾರು 57 ಡಿಗ್ರಿ. ಈಗ 200 ಗ್ರಾಂ ಹಿತ್ತಾಳೆಯನ್ನು ಮುಂದಿನ ಆಕ್ಸಲ್‌ಗೆ, 60 ಮಿಲಿಮೀಟರ್ ಎತ್ತರದಲ್ಲಿ ಹಾಕಿ. ಕೋನ ಹತ್ತಿರ ಹತ್ತಿರ 60 ಡಿಗ್ರಿಗೆ ಏರುತ್ತದೆ. ಅದೇ 200 ಗ್ರಾಂ, ಚೆಂದ ಕಾಣಲಿ ಅಂತ ಟಾಪಿನ ಮೇಲೆ ಕಟ್ಟಿದ ಲಗೇಜ್ ರ‍್ಯಾಕ್, ಸ್ಟೆಪ್ನಿ, ಲೈಟುಗಳ ರೂಪದಲ್ಲಿ 220 ಮಿಲಿಮೀಟರ್ ಎತ್ತರ ಸೇರಿದರೆ ಕೋನ 55ಕ್ಕೆ ಇಳಿಯುತ್ತದೆ. ಒಂದೇ ತೂಕ, ಜಾಗ ಬೇರೆ, ಐದು ಡಿಗ್ರಿ ವ್ಯತ್ಯಾಸ. ಬಂಡೆಯ ಮೇಲೆ ಐದು ಡಿಗ್ರಿ ಅಂದರೆ ತುಂಬಾ ಜಾಸ್ತಿ.

ಇನ್ನೂ ಸ್ವಾರಸ್ಯದ ಸಂಗತಿ ಬ್ಯಾಟರಿಯದು. ಹಿತ್ತಾಳೆ ಹಾಕದ ಅದೇ ಟ್ರಕ್ಕಿನಲ್ಲಿ 150 ಗ್ರಾಂ ಬ್ಯಾಟರಿ ಹಿಂದಿನ ಆಕ್ಸಲ್‌ನಿಂದ 60 ಮಿಲಿಮೀಟರ್ ಮುಂದೆ ಕೂತಿದೆ ಅನ್ನಿ. ಅದನ್ನು ಬಿಚ್ಚಿ ಬಾನೆಟ್ಟಿನ ಕೆಳಗೆ, 250 ಮಿಲಿಮೀಟರ್ ಮುಂದೆ, ಮೊದಲಿಗಿಂತ 20 ಮಿಲಿಮೀಟರ್ ತಗ್ಗಿನಲ್ಲಿ ಇಟ್ಟರೆ ಕೋನ 59 ಡಿಗ್ರಿ ದಾಟುತ್ತದೆ. ಒಂದು ಗ್ರಾಂ ಸೇರಿಸದೆ 200 ಗ್ರಾಂ ಹಿತ್ತಾಳೆಯ ಮುಕ್ಕಾಲು ಲಾಭ. ಅದಕ್ಕೇ ಹಳಬರು ದೊಡ್ಡ ಬ್ಯಾಟರಿ ಬಿಟ್ಟು ಚಿಕ್ಕದನ್ನು ಮುಂದೆ ಕಟ್ಟುತ್ತಾರೆ.

ಹಾಗಂತ ಎಲ್ಲ ತೂಕವನ್ನೂ ಮುಂದೆ ತುಂಬಿದರೂ ಆಗದು. ನೆಟ್ಟನೆ ಮೆಟ್ಟಿಲು ಎದುರಾದಾಗ ಮುಂದಿನ ಚಕ್ರವನ್ನು ಕಲ್ಲಿಗೆ ಒತ್ತಿ ಹಿಡಿಯುವುದು ಹಿಂದಿನ ಚಕ್ರಗಳ ತಳ್ಳಾಟ. ಹಿಂದೆ ಭಾರವೇ ಇಲ್ಲದಿದ್ದರೆ ಅವು ಜಾರುತ್ತವೆ. ಇಳಿಜಾರಿನಲ್ಲಿ ಗಾಡಿ ಮೂಗು ನೆಲಕ್ಕೂರಿ ಪಲ್ಟಿ ಹೊಡೆಯುತ್ತದೆ. ಮುಂದೆ 60, ಹಿಂದೆ 40 ಪಾಲಿನ ಆಸುಪಾಸಿನಲ್ಲಿ ಹೆಚ್ಚಿನ ಟ್ರಕ್ಕುಗಳು ಚೆನ್ನಾಗಿ ನಡೆಯುತ್ತವೆ. ಇದನ್ನು ನೋಡಲು ಒಂದು ಅಡುಗೆಮನೆಯ ತಕ್ಕಡಿ ಸಾಕು. ಮುಂದಿನ ಚಕ್ರಗಳನ್ನು ತಕ್ಕಡಿಯ ಮೇಲೆ, ಹಿಂದಿನವನ್ನು ಅಷ್ಟೇ ಎತ್ತರದ ಪುಸ್ತಕಗಳ ಮೇಲೆ ಇಟ್ಟರೆ ಮುಂದಿನ ಪಾಲು ಸಿಗುತ್ತದೆ. ಎತ್ತರ ತಿಳಿಯಲು ಟ್ರಕ್ಕನ್ನು ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ, ಕೆಳಗಿನ ಚಕ್ರ ಜಾರದಂತೆ ತೆಳು ಪಟ್ಟಿ ಅಂಟಿಸಿ, ಹಲಗೆ ಎತ್ತುತ್ತಾ ಹೋಗಿ. ಮೇಲಿನ ಚಕ್ರಗಳು ಏಳುವ ಕೋನವನ್ನು ಫೋನಿನಲ್ಲಿ ಅಳೆಯಿರಿ. ಟ್ರಕ್ಕಿನ ಅರ್ಧ ಅಗಲವನ್ನು ಆ ಕೋನದ ಟ್ಯಾಂಜೆಂಟಿನಿಂದ ಭಾಗಿಸಿದರೆ ಎತ್ತರ ಬರುತ್ತದೆ. ಸ್ಪ್ರಿಂಗುಗಳು ಕುಸಿಯುವುದರಿಂದ ಇದು ಅಂದಾಜು ಲೆಕ್ಕ. ಆದರೆ ಒಂದು ಬದಲಾವಣೆಯ ಮುಂಚೆ ಮತ್ತು ನಂತರ ಅಳೆದರೆ ಯಾವುದು ಕೆಲಸಕ್ಕೆ ಬಂತು ಅನ್ನುವುದು ಸ್ಪಷ್ಟವಾಗುತ್ತದೆ.

ಕಾರುಗಳ ಬಗ್ಗೆ ಓದಿಕೊಂಡವರು ಇಲ್ಲಿ ತಡೆದು ಕೇಳುತ್ತಾರೆ. ಆಕ್ಸಲ್, ಚಕ್ರದಂಥ ಸ್ಪ್ರಿಂಗಿನ ಕೆಳಗಿನ ಭಾಗಗಳು ಹಗುರವಾಗಿರಬೇಕು ಅಂತ ಎಲ್ಲ ಕಡೆ ಹೇಳುತ್ತಾರಲ್ಲ? ಹೌದು, ವೇಗದ ಗಾಡಿಗೆ ಅದು ಸರಿ. ಗಂಟೆಗೆ 80 ಕಿಲೋಮೀಟರ್ ಓಡುವ ಕಾರಿನ ಚಕ್ರ ಗುಂಡಿಗೆ ಇಳಿದು ಏಳಲು ಕಣ್ಣು ಮಿಟುಕಿಸುವಷ್ಟೂ ಸಮಯ ಇರುವುದಿಲ್ಲ. ಚಕ್ರ ಭಾರವಾದರೆ ಸ್ಪ್ರಿಂಗ್ ಅದನ್ನು ನೆಲಕ್ಕೆ ಒತ್ತಿ ಹಿಡಿಯಲಾರದು. ಕ್ರಾಲರ್ ಒಂದು ಕಲ್ಲು ದಾಟಲು ನಾಲ್ಕೈದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ಭಾರದ ಚಕ್ರವಾದರೂ ನಿಧಾನವಾಗಿ ಇಳಿದು ಕೂರುತ್ತದೆ. ಹಾಗಾಗಿ ಕಾರಿಗೆ ಕೆಟ್ಟದ್ದೇ ಇಲ್ಲಿ ವರವಾಗುತ್ತದೆ. ಮುಂದಿನ ಚಕ್ರವನ್ನು ಹಿಡಿದು ತಿರುಗಿಸುವ ಸ್ಟೀರಿಂಗ್ ನಕಲ್, ಆಕ್ಸಲ್ ನಡುವಿನ ಗೇರುಗಳ ಡಿಫರೆನ್ಷಿಯಲ್ ಮುಚ್ಚಳ, ರಿಮ್ಮಿನ ಒಳಗಿನ ಬಳೆ, ಇವನ್ನೆಲ್ಲ ಹಿತ್ತಾಳೆಯಲ್ಲಿ ಮಾಡುವುದು ಇದಕ್ಕೇ. ಹಿತ್ತಾಳೆ ಒಂದು ಘನ ಸೆಂಟಿಮೀಟರಿಗೆ ಸುಮಾರು ಎಂಟೂವರೆ ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ 2.7 ಗ್ರಾಂ. ಮಿರಮಿರ ಮಿಂಚುವ ಅಲ್ಯೂಮಿನಿಯಂ ತುಂಡುಗಳು ಗಟ್ಟಿಮುಟ್ಟು ನಿಜ, ಆದರೆ ತೂಕವನ್ನು ತಗ್ಗಿನಲ್ಲಿ ಕೂರಿಸುವ ಕೆಲಸಕ್ಕೆ ಅವುಗಳಿಂದ ಅಷ್ಟೇನೂ ಉಪಯೋಗವಿಲ್ಲ.

ಈ ಹವ್ಯಾಸದ ಇತಿಹಾಸದಲ್ಲೂ ಇದೇ ಎಳೆ ಕಾಣುತ್ತದೆ. ಜಪಾನಿನ ಟಮಿಯ ಕಂಪನಿ 1987ರಲ್ಲಿ ಕ್ಲಾಡ್ ಬಸ್ಟರ್ ಎಂಬ ಮಾನ್ಸ್ಟರ್ ಟ್ರಕ್ ತಂದಿತು. ಅದರಲ್ಲಿ ಮೋಟಾರ್ ಇದ್ದದ್ದು ಚಾಸಿಯಲ್ಲಲ್ಲ, ಅಂದರೆ ಗಾಡಿಯ ಚೌಕಟ್ಟಿನಲ್ಲಲ್ಲ. ಪ್ರತಿ ಆಕ್ಸಲ್‌ನ ಮೇಲೂ ಒಂದೊಂದು ಮೋಟಾರ್ ಇತ್ತು. ಅದನ್ನು ಮಾಡಿದ್ದು ಬಂಡೆ ಹತ್ತಲು ಅಂತಲ್ಲ. ಆದರೂ ಮುಂದೆ ಕ್ರಾಲಿಂಗ್ ಹುಚ್ಚು ಹತ್ತಿದವರು ಅದರ ಆಕ್ಸಲ್‌ಗಳನ್ನೇ ಹುಡುಕಿಕೊಂಡು ಹೋದರು. ಮೋಟಾರಿನ ತೂಕ ತಾನಾಗಿಯೇ ತಳದಲ್ಲಿ ಬಂದು ಕೂರುತ್ತಿತ್ತು. ಇನ್ನೊಂದು ತೊಂದರೆಯೂ ಮಾಯವಾಗುತ್ತಿತ್ತು. ಅದು ಟಾರ್ಕ್ ಟ್ವಿಸ್ಟ್.

ಮೋಟಾರ್ ಚಾಸಿಯಲ್ಲಿದ್ದು ಆಕ್ಸಲ್‌ಗೆ ಬಲ ಒಯ್ಯಲು ಉದ್ದುದ್ದಕ್ಕೆ ಮಲಗಿದ ಡ್ರೈವ್ ಶಾಫ್ಟನ್ನು ತಿರುಚಿದರೆ, ಶಾಫ್ಟ್ ಚಾಸಿಯನ್ನು ಎದುರು ದಿಕ್ಕಿಗೆ ತಿರುಚುತ್ತದೆ. ಕ್ರಿಯೆಗೆ ಪ್ರತಿಕ್ರಿಯೆ, ನ್ಯೂಟನ್ ಹೇಳಿದ್ದೇ. ಮುಂದಿನ ಬಂಪರನ್ನು ಗೋಡೆಗೆ ಒತ್ತಿಟ್ಟು ಮೆಲ್ಲಗೆ ಥ್ರಾಟಲ್ ಕೊಡಿ, ಬಾಡಿ ಒಂದು ಪಕ್ಕಕ್ಕೆ ವಾಲುವುದು ಕಣ್ಣಿಗೇ ಕಾಣುತ್ತದೆ. ಒಂದು ಮುಂಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ, ಓರೆ ಬಂಡೆಯಲ್ಲಿ ಇದೇ ಮಗುಚಲು ಕಾರಣವಾಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ ಇದನ್ನು ತಡೆಯಲು ಹೋದರೆ ಚಕ್ರಗಳು ನೆಲ ಬಿಡುತ್ತವೆ. ಸರಿಯಾದ ಉಪಾಯ ಶಾಫ್ಟಿನ ಮೇಲಿನ ತಿರುಚುಬಲವನ್ನೇ ಇಳಿಸುವುದು. ಗೇರು ಇಳಿಕೆಯನ್ನು, ಅಂದರೆ ಗೇರಿನಿಂದ ವೇಗ ತಗ್ಗಿಸಿ ಬಲ ಹೆಚ್ಚಿಸುವುದನ್ನು, ಶಾಫ್ಟಿನ ಮುಂಚೆ ಮಾಡದೆ, ಶಾಫ್ಟ್ ದಾಟಿದ ಮೇಲೆ, ಚಕ್ರದ ಬುಡದಲ್ಲಿ ಮಾಡಿದರೆ ಶಾಫ್ಟಿಗೆ ಕಮ್ಮಿ ಬಲ ಸಾಕು.

ಪೋರ್ಟಲ್ ಆಕ್ಸಲ್ ಮಾಡುವುದು ಇದನ್ನೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ರೈತರಿಗಾಗಿ ಹುಟ್ಟಿದ ಉನಿಮಾಗ್ ಗಾಡಿಗೆ ಇಂಥ ಆಕ್ಸಲ್ ಇತ್ತು. ಅದರ ಎರಡು ಚಕ್ರಗಳ ನಡುವಿನ ಅಗಲವನ್ನು ಆಲೂಗಡ್ಡೆಯ ಎರಡು ಸಾಲುಗಳಿಗೆ ಹೊಂದುವಂತೆ ಇಟ್ಟಿದ್ದರು. ಚಕ್ರದ ಪಕ್ಕದಲ್ಲೇ ಒಂದು ಗೇರು ಜೋಡಿ ಇಟ್ಟರೆ ಆಕ್ಸಲ್ ಕೊಳವೆ ಚಕ್ರದ ನಡುವಿಗಿಂತ ಮೇಲೆ ಹೋಗುತ್ತದೆ, ಕೆಳಗೆ ಜಾಗ ಸಿಗುತ್ತದೆ. ಜೊತೆಗೆ ಕೊನೆಯ ಗೇರು ಇಳಿಕೆ ಚಕ್ರದಲ್ಲೇ ಆಗುತ್ತದೆ. 2017ರಲ್ಲಿ ಬಂದ ಟ್ರ್ಯಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4 ಕ್ರಾಲರ್ ಈ ವ್ಯವಸ್ಥೆಯನ್ನು ಪುಟ್ಟ ಟ್ರಕ್ಕುಗಳಲ್ಲಿ ಮನೆಮಾತು ಮಾಡಿತು. ಪೋರ್ಟಲ್ ಮುಚ್ಚಳವನ್ನು ಹಿತ್ತಾಳೆಯದ್ದು ಮಾಡಿದರೆ ತೂಕವೂ ಚಕ್ರದ ಪಕ್ಕದಲ್ಲೇ, ತಗ್ಗಿನಲ್ಲೇ ಕೂರುತ್ತದೆ.

ಟೈರಿನ ವಿಷಯದಲ್ಲಿ ಇನ್ನೊಂದು ಗಟ್ಟಿ ನಂಬಿಕೆ ಇದೆ. ಭಾರ ಜಾಸ್ತಿಯಾದರೆ ಹಿಡಿತ ಜಾಸ್ತಿ, ಆದ್ದರಿಂದ ಜಾಸ್ತಿ ಕಡಿದಾದ ಬಂಡೆ ಹತ್ತಬಹುದು ಅಂತ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೋಂತೋನ್ ಘರ್ಷಣೆಯ ನಿಯಮ ಪ್ರಕಟಿಸಿದ. ಲಿಯೊನಾರ್ಡೊ ಡ ವಿಂಚಿ ಅದನ್ನು ಇನ್ನೂರು ವರ್ಷ ಮೊದಲೇ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟಾಗುತ್ತದೆ, ತಾಗುವ ಜಾಗದ ವಿಸ್ತಾರಕ್ಕೆ ಲೆಕ್ಕವಿಲ್ಲ ಅನ್ನುವುದು ಆ ನಿಯಮ. ಆದರೆ ಕೆಳಕ್ಕೆ ಎಳೆಯುವ ಬಲವೂ ಎರಡು ಪಟ್ಟಾಗುತ್ತದಲ್ಲ? ಒಂದಕ್ಕೊಂದು ವಜಾ. ಹತ್ತಬಹುದಾದ ಕೋನ ಬದಲಾಗುವುದೇ ಇಲ್ಲ. ರಬ್ಬರಿನ ಕಥೆ ಇನ್ನೂ ಬೇರೆ, ಅದು ಈ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ. ಮೆತ್ತನೆಯ ರಬ್ಬರ್ ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಇಳಿದು ಅಂಟಿಕೊಳ್ಳುತ್ತದೆ. ಒತ್ತಡ ಅತಿಯಾದಷ್ಟೂ ಅದರ ಘರ್ಷಣೆಯ ಗುಣಾಂಕ ಇಳಿಯುತ್ತದೆ. ಹಾಗಾಗಿ ಇಲ್ಲಿ ವಿಸ್ತಾರಕ್ಕೆ ಬೆಲೆ ಇದೆ. ಟೈರಿನಲ್ಲಿ ಗಾಳಿಯ ಬದಲು ಫೋಮ್ ಹಾಕುವುದು, ಆ ಫೋಮಿನ ಹೊರಪದರ ಮೆತ್ತಗೆ, ಒಳಪದರ ಗಟ್ಟಿ ಇರುವಂತೆ ನೋಡಿಕೊಳ್ಳುವುದು, ಇದೆಲ್ಲ ಟೈರು ಕಲ್ಲನ್ನು ತಬ್ಬಿಕೊಳ್ಳಲಿ ಅಂತ. ಧೂಳು ಮೆತ್ತಿದ ಟೈರನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಕೂಡ ಒಳ್ಳೆಯ ಸುಧಾರಣೆಯೇ, ದುಡ್ಡೇ ಬೇಡ.

ಮೋಟಾರಿನ ಬಗ್ಗೆ ಇಷ್ಟು ಹೇಳಿದರೆ ಸಾಕು. ಅದರಲ್ಲಿ ಹುಡುಕಬೇಕಾದ್ದು ನಯವಾದ ಆರಂಭ. ಥ್ರಾಟಲ್ ಕೊಟ್ಟ ತಕ್ಷಣ ಗಾಡಿ ಜಿಗಿದರೆ ಆ ವೇಗೋತ್ಕರ್ಷ ತೂಕವನ್ನು ಹಿಂದಕ್ಕೆ ತಳ್ಳುತ್ತದೆ, ಕಷ್ಟಪಟ್ಟು ಗಳಿಸಿದ ಡಿಗ್ರಿಗಳು ಒಂದೇ ಏಟಿಗೆ ಹೋಗುತ್ತವೆ. ಒಳಗೆ ತಂತಿಯ ಸುತ್ತುಗಳು ಜಾಸ್ತಿ ಇರುವ, ಅಂದರೆ 35 ಅಥವಾ 45 ಸುತ್ತಿನ ಬ್ರಷ್ ಮೋಟಾರ್, ಇಲ್ಲವೇ ಸೆನ್ಸರ್ ಇರುವ ಬ್ರಷ್‌ಲೆಸ್ ಮೋಟಾರ್ ನಿಧಾನಕ್ಕೆ ತಿರುಗಬಲ್ಲದು.

ಹಿತ್ತಾಳೆ ಹಾಕಿದ ಮೇಲೆ ರಿಪೇರಿ ಕೆಲಸವೂ ಬದಲಾಗುತ್ತದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಭಾರದ ಚಕ್ರವನ್ನು ಕಲ್ಲಿನ ಸಂದಿಯಲ್ಲಿ ತಿರುಗಿಸಬೇಕಾದ ಸ್ಟೀರಿಂಗ್ ಸರ್ವೋ ಮೊದಲು ಸುಸ್ತಾಗುತ್ತದೆ. ಸರ್ವೋ ಅಂದರೆ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಮೋಟಾರ್ ಪೆಟ್ಟಿಗೆ. ಅದರ ಪ್ಲಾಸ್ಟಿಕ್ ತೋಳಿನ (ಹಾರ್ನ್) ಬದಲು ಲೋಹದ್ದು ಹಾಕುವುದು ವಾಸಿ. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆಲ್ಲ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಹಚ್ಚಿ, ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ. ಡ್ರೈವ್ ಶಾಫ್ಟ್ ಬಿಚ್ಚಿ ಮತ್ತೆ ಸೇರಿಸುವಾಗ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿ ಬರಬೇಕು. ಆ ತುದಿಗಳಲ್ಲಿರುವ ಬಾಗುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, 30 ಡಿಗ್ರಿ ಬಾಗಿದಾಗ ಅದರ ಆಚೆ ತುದಿಯ ವೇಗ ಪ್ರತಿ ಸುತ್ತಿನಲ್ಲೂ 13 ಪ್ರತಿಶತ ಇಳಿದು 15 ಪ್ರತಿಶತ ಏರುತ್ತದೆ. ಕವಲುಗಳು ಸಾಲಾಗಿದ್ದರೆ ಒಂದು ಜಾಯಿಂಟಿನ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಇಲ್ಲದಿದ್ದರೆ ಎರಡೂ ಸೇರಿ ಗಾಡಿ ನಡುಗುತ್ತದೆ, ಅದಕ್ಕೆ ಮೋಟಾರನ್ನು ದೂರುವವರೇ ಜಾಸ್ತಿ.

ನೀರಿನಲ್ಲಿ ಓಡಿಸಿದ ದಿನ ಚಕ್ರದ ಬೇರಿಂಗುಗಳನ್ನು ಹಾಗೇ ಬಿಡಬಾರದು. ಅದರಲ್ಲೂ ಮುಂದಿನ ನಕಲ್ ಒಳಗಿನವನ್ನು, ಹಿತ್ತಾಳೆಯ ಭಾರವೆಲ್ಲ ಕೂತಿರುವುದು ಅಲ್ಲೇ. ಮೋಟಾರಿನ ಪಿನಿಯನ್ ಗೇರನ್ನು ಸ್ವಲ್ಪ ಹಿಂದೆ ಸರಿಸಿ, ಟ್ರಕ್ಕನ್ನು ಮೇಲೆತ್ತಿ ಹಿಡಿದು ಚಕ್ರವನ್ನು ಬೆರಳಿನಿಂದ ತಿರುಗಿಸಿ. ಮರಳು ಅರೆದಂಥ ಸದ್ದು ಬಂದರೆ ಬೇರಿಂಗ್ ತೆಗೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಟ್ಟು ಹಾಕಿ. ಆಮೇಲೂ ಸದ್ದು ಹೋಗದಿದ್ದರೆ ಹೊಸದು ಹಾಕುವುದೇ ಸರಿ. ಫೋಮ್ ನೀರು ಹೀರಿದ್ದರೆ ಟೈರನ್ನು ಹಿಂಡಿ ಒಣಗಲು ಬಿಡಿ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ತುಂಬಿ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಪ್ರತಿ ಸೆಲ್‌ಗೆ 3.8 ವೋಲ್ಟ್‌ಗೆ ತಂದು ಟ್ರಕ್ಕಿನಿಂದ ಹೊರತೆಗೆದಿಡಿ.