ಸೀಸನ್ ಮುಗಿಯಿತೆಂದು ರೋಬೋ ಬಿಚ್ಚಬೇಡಿ

ದೂರದರ್ಶನ ನಡೆಸುವ ಕಾಲೇಜು ತಂಡಗಳ ರೋಬೋ ಪಂದ್ಯ ಡಿಡಿ ರೋಬೋಕಾನ್ ಮುಗಿಸಿ ಬಂದ ಹುಡುಗರು ಮಾಡುವ ಮೊದಲ ಕೆಲಸವೆಂದರೆ ರೋಬೋ ಬಿಚ್ಚುವುದು. ಒಂದು ಡಬ್ಬಿಯಲ್ಲಿ ಮೋಟರು, ಇನ್ನೊಂದರಲ್ಲಿ ಬೇರಿಂಗು, ಮೂಲೆಯಲ್ಲಿ ಅಲ್ಯುಮಿನಿಯಂ ಸೆಕ್ಷನ್ನಿನ ರಾಶಿ. ಕೇಳಿದರೆ, ‘ಮೋಟರ್ ತುಟ್ಟಿ ಅದಾವ ಸರ, ಮುಂದಿನ ವರ್ಷಕ್ಕ ಬೇಕಲ್ಲ’ ಎನ್ನುತ್ತಾರೆ. ಬೇಕು, ನಿಜ. ಆದರೆ ಆಗಸ್ಟಿನಲ್ಲೇ ಬೇಕೇನು? ನಾನು ಸಲಹೆ ಕೊಡುವ ತಂಡಗಳಿಗೆ ಒಂದೇ ಕಟ್ಟಳೆ: ದಸರಾ ತನಕ ಹಳೇ ರೋಬೋಕ್ಕೆ ಸ್ಪ್ಯಾನರ್ ಹಚ್ಚಬಾರದು.

ಇದಕ್ಕೆ ಕಾರಣ ಸರಳ. ಕಾಲೇಜು ತಂಡದಲ್ಲಿ ಪ್ರತಿ ವರ್ಷ ಒಂದು ಬ್ಯಾಚ್ ಹೊರಗೆ ಹೋಗುತ್ತದೆ, ಅದೂ ಎಲ್ಲರಿಗಿಂತ ಹೆಚ್ಚು ತಿಳಿದ ಬ್ಯಾಚು. ಕಂಟ್ರೋಲ್ ಕೋಡ್ ಬರೆದವನು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ಮೇಲೆ ಅವನ ಬುದ್ಧಿಯಲ್ಲಿ ತಂಡಕ್ಕೆ ಉಳಿಯುವುದು ಆ ಓಡಾಡುವ ರೋಬೋ ಒಂದೇ. ಅದನ್ನೂ ಬಿಚ್ಚಿದರೆ ಎರಡನೇ ವರ್ಷದ ಹುಡುಗ ಹುಡುಗಿಯರು ಕಲಿಯುವುದು ಯಾವುದರ ಮೇಲೆ? ಪಂದ್ಯವಿಲ್ಲದ ತಿಂಗಳುಗಳಲ್ಲಿ ಮಾಡಬೇಕಾದ ಅಸಲು ಕೆಲಸ, ತಿಳಿದದ್ದನ್ನು ಜೂನಿಯರ್‌ಗಳಿಗೆ ದಾಟಿಸುವುದೇ. ಹೊಸ ರೋಬೋ ಕಟ್ಟುವುದನ್ನು ಸೀಸನ್ನಿಗೇ ಬಿಡಿ.

ಕ್ಯಾಲೆಂಡರ್ ನೋಡಿಕೊಂಡರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಏಷ್ಯಾ ಪೆಸಿಫಿಕ್ ಪ್ರಸಾರ ಸಂಸ್ಥೆಗಳ ಒಕ್ಕೂಟದ ರೋಬೋಕಾನ್ 2002ರಲ್ಲಿ ಟೋಕಿಯೋದಲ್ಲಿ ಶುರುವಾದದ್ದು. ಪ್ರತಿ ವರ್ಷ ಆತಿಥ್ಯ ವಹಿಸುವ ದೇಶವೇ ಆಟದ ವಿಷಯ ಕೊಡುತ್ತದೆ. ನಮ್ಮ ಪುಣೆಯಲ್ಲೇ 2008 ಮತ್ತು 2014ರಲ್ಲಿ ನಡೆಯಿತು. ಭಾರತದಿಂದ ಯಾರು ಹೋಗಬೇಕೆಂದು ತೀರ್ಮಾನವಾಗುವುದು ದೂರದರ್ಶನದ ರಾಷ್ಟ್ರೀಯ ಸುತ್ತಿನಲ್ಲಿ. ಈಚಿನ ವರ್ಷಗಳಲ್ಲಿ ಅದು ಮಳೆಗಾಲದ ಹೊತ್ತಿಗೆ ದಿಲ್ಲಿಯಲ್ಲಿ ಆಗುತ್ತಿದೆ. ಅಮೆರಿಕದ ಫಸ್ಟ್ ರೊಬೊಟಿಕ್ಸ್ ಪಂದ್ಯದಲ್ಲಿ ಜನವರಿಗೆ ಆಟ ಪ್ರಕಟವಾಗಿ ಏಪ್ರಿಲಿಗೆ ಚಾಂಪಿಯನ್‌ಶಿಪ್ ಮುಗಿಯುತ್ತದೆ. ಆಮೇಲೆ ಎಂಟು ತಿಂಗಳು ಬಿಡುವು. ಅಲ್ಲಿಯ ಹೈಸ್ಕೂಲು ಮಕ್ಕಳು ಆ ಬಿಡುವಿನಲ್ಲಿ ಪೂರ್ತಿ ಹೊಸ ಚಾಸಿ ಮಾಡಿ ನೋಡುತ್ತಾರೆ, ಅವರಿಗೆ ಸಾಧ್ಯ. ಮುಂದಿನ ಆಟದ ನಿಯಮ ಪುಸ್ತಕ ಬರುವ ತನಕ ನಮಗೆ ಸಿಗುವ ಎರಡು ಮೂರು ತಿಂಗಳಲ್ಲಿ ಇಂಟರ್ನಲ್ಸ್ ಬರುತ್ತವೆ, ಗಣಪತಿ ಹಬ್ಬ ಬರುತ್ತದೆ, ದಸರಾ ಬರುತ್ತದೆ. ಯೂಟ್ಯೂಬ್ ನೋಡಿ ಆಗಸ್ಟಿನಲ್ಲಿ ಸ್ವರ್ವ್ ಡ್ರೈವ್ (ಪ್ರತಿ ಗಾಲಿಯೂ ತಾನೇ ಬೇಕಾದ ದಿಕ್ಕಿಗೆ ಹೊರಳುವ ವ್ಯವಸ್ಥೆ) ಕೈಗೆತ್ತಿಕೊಂಡ ತಂಡದ ಬಳಿ ಅಕ್ಟೋಬರಿಗೆ ಸ್ವರ್ವೂ ಇರುವುದಿಲ್ಲ, ತಯಾರಾದ ಜೂನಿಯರ್‌ಗಳೂ ಇರುವುದಿಲ್ಲ.

ಮೊದಲ ಕೆಲಸ ರೈಲಿನಲ್ಲೇ ಶುರುವಾಗಲಿ. ದಿಲ್ಲಿಯಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾವಿ ಮುಟ್ಟಲು ಸುಮಾರು ಒಂದೂವರೆ ದಿನ. ಸೋತ ಬೇಸರ, ನಿದ್ದೆ, ಇಸ್ಪೀಟು ಎಲ್ಲ ಆದ ಮೇಲೂ ಸಮಯ ಉಳಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಏನು ಕೈಕೊಟ್ಟಿತು, ಅಲ್ಲೇ ಏನು ಮಾಡಿದೆವು, ಯಾಕೆ ಕೈಕೊಟ್ಟಿತು ಎಂದು ಬರೆಯಿರಿ. ಕೊನೆಯ ಕಾಲಂ ತುಂಬುವುದೇ ಕಷ್ಟ. ‘ಡ್ರೈವರ್ (ಮೋಟರಿಗೆ ಕರೆಂಟ್ ಹರಿಸುವ ಸರ್ಕ್ಯೂಟ್) ಸುಟ್ಟಿತು’ ಎಂದು ಬರೆದು ಬಿಡುವ ಅಭ್ಯಾಸ ಎಲ್ಲ ತಂಡಗಳಲ್ಲೂ ಇದೆ. ಯಾಕೆ ಸುಟ್ಟಿತು? ತೋಳು ಮೇಲೆ ಹೋಗಿ ಸ್ಟಾಪರಿಗೆ ತಾಗಿ ನಿಂತಿದೆ, ಆದರೂ ಕೋಡ್ ಪವರ್ ಕೊಡುತ್ತಲೇ ಇದೆ, ಮೋಟರ್ ಸ್ಟಾಲ್ ಆಗಿದೆ, ಅಂದರೆ ತಿರುಗಲಾಗದೆ ನಿಂತಿದೆ. ಸ್ಟಾಲ್ ಆದ ಡಿಸಿ ಮೋಟರ್ ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಇಲ್ಲಿ ಬೇಕಾದದ್ದು ತೋಳು ಕೊನೆ ಮುಟ್ಟಿತೆಂದು ತಿಳಿಸುವ ಒಂದು ಲಿಮಿಟ್ ಸ್ವಿಚ್ಚು, ಕೋಡಿನಲ್ಲಿ ಎರಡು ಸಾಲು. ಕಾರಣ ಹುಡುಕದ ತಂಡ ದೊಡ್ಡ ಡ್ರೈವರ್ ಕೊಂಡು ತರುತ್ತದೆ, ಮುಂದಿನ ವರ್ಷ ಮೋಟರನ್ನೇ ಸುಡುತ್ತದೆ.

ಊರಿಗೆ ಬಂದ ಕೂಡಲೇ ಬ್ಯಾಟರಿ ನೋಡಿ. ಇದು ಬೇಸರದ ಕೆಲಸವಾದ್ದರಿಂದ ಯಾರೂ ಮಾಡುವುದಿಲ್ಲ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಾಗೇ ತಿಂಗಳುಗಟ್ಟಲೆ ಇಟ್ಟರೆ ಬೇಗ ಹಾಳಾಗುತ್ತದೆ, ಊದಿಕೊಳ್ಳುವುದೂ ಉಂಟು. ಪೂರ್ತಿ ಖಾಲಿ ಬಿಟ್ಟು 3 ವೋಲ್ಟಿಗಿಂತ ಕೆಳಗೆ ಇಳಿದರಂತೂ ಅದನ್ನು ಮತ್ತೆ ನಂಬುವಂತಿಲ್ಲ. ಇಡಬೇಕಾದದ್ದು ಸೆಲ್ಲಿಗೆ ಸುಮಾರು 3.8 ವೋಲ್ಟಿನಲ್ಲಿ. ಬಹುತೇಕ ಬ್ಯಾಲೆನ್ಸ್ ಚಾರ್ಜರುಗಳಲ್ಲಿ ಇದಕ್ಕೆಂದೇ ಸ್ಟೋರೇಜ್ ಎಂಬ ಆಯ್ಕೆ ಇರುತ್ತದೆ, ಒತ್ತುವವರಿಲ್ಲ ಅಷ್ಟೇ. ಲೆಡ್ ಆಸಿಡ್ ಬ್ಯಾಟರಿಯದು ಇದಕ್ಕೆ ಉಲ್ಟಾ, ಅದನ್ನು ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು. ಊದಿದ ಬ್ಯಾಟರಿಯನ್ನು ‘ಪ್ರಾಕ್ಟೀಸಿಗೆ ನಡೀತೈತಿ’ ಎಂದು ಇಟ್ಟುಕೊಳ್ಳಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.

ಬೆಳಗಾವಿಯ ಮಳೆಗಾಲಕ್ಕೆ ಇನ್ನೆರಡು ಮಾತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು. ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ಎಳೆ, ಫಿಲಮೆಂಟ್, ಬಯಲಿಗೆ ಬಿಟ್ಟರೆ ತೇವ ಹೀರುತ್ತದೆ. ನಾಝಲ್‌ನಲ್ಲಿ ಚಟಚಟ ಸದ್ದು ಬಂದರೆ, ಪ್ರಿಂಟಿನ ಮೇಲೆ ಕೂದಲೆಳೆಯಂಥ ಎಳೆಗಳು ಬಂದರೆ ಅದೇ ಕಾರಣ ಎಂದುಕೊಳ್ಳಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಇಷ್ಟು ಸಾಕು. ಮೈಲ್ಡ್ ಸ್ಟೀಲ್ ಶಾಫ್ಟುಗಳಿಗೆ ಎಣ್ಣೆ ಒರೆಸಿ ಇಡಿ. ವಿಜಯಪುರದ ತಂಡಗಳಿಗೆ ತುಕ್ಕಿನ ಕಾಟ ಕಡಿಮೆ, ಅವರ ಜಗಳ ಬೇರಿಂಗಿಗೆ ಕೂಡುವ ಧೂಳಿನ ಜೊತೆ.

ಇನ್ನು ಬಿಚ್ಚದೆ ಇಟ್ಟ ಆ ರೋಬೋದಿಂದ ಏನು ಮಾಡಬೇಕು? ಅಳೆಯಬೇಕು. ಸೀಸನ್ನಿನಲ್ಲಿ ಅಳೆಯಲು ಪುರಸೊತ್ತು ಇರುವುದಿಲ್ಲ, ಓಡಿದರೆ ಸಾಕಾಗಿರುತ್ತದೆ. ನಾನು ಜೂನಿಯರ್‌ಗಳಿಗೆ ಮೊದಲು ಕೊಡುವ ಅಭ್ಯಾಸ ಮಿಷಿಗನ್ ವಿಶ್ವವಿದ್ಯಾಲಯದ ಬೊರೆನ್‌ಸ್ಟೈನ್ ಮತ್ತು ಫೆಂಗ್ 1990ರ ದಶಕದಲ್ಲಿ ರೂಪಿಸಿದ ಚೌಕದ ಪರೀಕ್ಷೆ. ಎರಡು ಚಾಲಕ ಗಾಲಿಗಳ ರೋಬೋಕ್ಕೆ ಇದು ಸರಿಹೊಂದುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ 4 ಮೀಟರ್ ಬದಿಯ ಚೌಕ ಬರೆಯಿರಿ. ಎನ್‌ಕೋಡರ್ (ಗಾಲಿ ಎಷ್ಟು ತಿರುಗಿತೆಂದು ಎಣಿಸುವ ಸೆನ್ಸರ್) ಲೆಕ್ಕವನ್ನಷ್ಟೇ ನಂಬಿ ರೋಬೋ ಚೌಕ ಸುತ್ತಿ ಹೊರಟಲ್ಲಿಗೇ ಬರಬೇಕು. ಬರುವುದಿಲ್ಲ. ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ. ಗಡಿಯಾರದ ದಿಕ್ಕಿನಲ್ಲಿ ಐದು ಸಲ, ಎದುರು ದಿಕ್ಕಿನಲ್ಲಿ ಐದು ಸಲ ಓಡಿಸಿ.

ಈಗ ನೆಲದ ಮೇಲೆ ಚುಕ್ಕೆಗಳ ಎರಡು ಗುಂಪು ಕಾಣುತ್ತವೆ. ಒಂದು ಗುಂಪಿನ ಚುಕ್ಕೆಗಳು ತಮ್ಮ ತಮ್ಮಲ್ಲೇ ಎಷ್ಟು ಚೆದುರಿವೆ ಎಂಬುದು ನೆಲದ ಉಬ್ಬುತಗ್ಗು, ಗಾಲಿ ಜಾರುವುದು ಇತ್ಯಾದಿಗಳ ಲೆಕ್ಕ. ಅದನ್ನು ಕೋಡಿನಲ್ಲಿ ತಿದ್ದಲಾಗದು. ಇಡೀ ಗುಂಪೇ ಹೊರಟ ಜಾಗದಿಂದ ಎಷ್ಟು ದೂರ ಸರಿದಿದೆ ಎಂಬುದು ರೋಬೋದ್ದೇ ದೋಷ. ಎರಡು ಗಾಲಿಗಳ ವ್ಯಾಸ ಸಮ ಇಲ್ಲ, ಇಲ್ಲವೇ ಗಾಲಿಗಳ ನಡುವಿನ ಅಂತರ ಕೋಡಿನಲ್ಲಿ ಬರೆದಷ್ಟಿಲ್ಲ. ಇದನ್ನು ತಿದ್ದಬಹುದು. ಎರಡೂ ದಿಕ್ಕಿನಲ್ಲಿ ಯಾಕೆ ಓಡಿಸಬೇಕೆಂದರೆ, ಒಂದೇ ದಿಕ್ಕಿನಲ್ಲಿ ಈ ಎರಡು ದೋಷಗಳು ಒಂದನ್ನೊಂದು ಮುಚ್ಚಿ ಹಾಕಿ ರೋಬೋ ಕರಾರುವಾಕ್ಕಾಗಿ ಬಂದು ನಿಂತಂತೆ ತೋರಿಸಬಲ್ಲವು. ಎದುರು ದಿಕ್ಕಿನಲ್ಲಿ ಬಣ್ಣ ಬಯಲಾಗುತ್ತದೆ.

‘ಒಂದ್ ಮಿಲಿಮೀಟರ್ ಏನ್ ಮಹಾ ಸರ?’ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. 100 ಮಿ.ಮೀ. ಗಾಲಿ ಒಂದು ಸುತ್ತಿಗೆ 314 ಮಿ.ಮೀ. ಹೋಗುತ್ತದೆ. ಸವೆದು ವ್ಯಾಸ 99 ಆದರೆ 311. ನಾಲ್ಕು ಮೀಟರ್ ಎಂದು ಲೆಕ್ಕ ಹಾಕಿ ಓಡಿದ ರೋಬೋ 40 ಮಿ.ಮೀ. ಹಿಂದೆ ನಿಲ್ಲುತ್ತದೆ. ಚೆಂಡು ಹಿಡಿಯುವ ಗ್ರಿಪ್ಪರಿಗೆ 40 ಮಿ.ಮೀ. ಅಂದರೆ ಆಟವೇ ಹೋಯಿತು. ಅಡ್ಡಕ್ಕೂ ಚಲಿಸಬಲ್ಲ ಮೆಕಾನಮ್ ಗಾಲಿಯ ಬೇಸ್ ಇದ್ದರೆ ಜಾರುವುದೇ ಜಾಸ್ತಿ. ಅಂಥವರು ಮೋಟರ್ ಎನ್‌ಕೋಡರಿನ ಲೆಕ್ಕ ಬಿಟ್ಟು, ಮೋಟರಿಲ್ಲದೆ ನೆಲಕ್ಕೆ ಒತ್ತಿ ಉರುಳುವ ಸಣ್ಣ ಓಮ್ನಿ ಗಾಲಿಗಳಿಗೆ ಎನ್‌ಕೋಡರ್ ಕಟ್ಟಿ ನೋಡಬೇಕು. ಇದನ್ನು ಕಲಿಯಲು ಪಂದ್ಯವಿಲ್ಲದ ತಿಂಗಳೇ ಸರಿಯಾದ ಕಾಲ.

ಎರಡನೇ ಕಲಿಕೆ ಕಾಲೇಜಿನ ಹೊರಗೆ. ಬೆಳಗಾವಿಯವರಿಗೆ ಇರುವ ಅನುಕೂಲ ಬೇರೆ ಊರಿನ ತಂಡಗಳಿಗೆ ಸುಲಭಕ್ಕೆ ಸಿಗುವುದಿಲ್ಲ. ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿ, ಟರ್ನಿಂಗ್, ಮಿಲ್ಲಿಂಗ್, ಲೇಸರ್ ಕಟಿಂಗ್ ಎಲ್ಲ ನಡೆದು ಹೋಗುವಷ್ಟು ದೂರದಲ್ಲಿವೆ. ಮಚ್ಛೆ ಕಡೆ ಹೈಡ್ರಾಲಿಕ್ಸ್ ಕೂಡ ಇದೆ. ಸೀಸನ್ನಿನಲ್ಲಿ ಹುಡುಗರು ಅಲ್ಲಿಗೆ ಓಡುವುದು ‘ಅಣ್ಣಾ, ನಾಳೆ ಮುಂಜಾನೆ ಬೇಕ್ರಿ’ ಎಂದು ಕೈಮುಗಿಯಲು ಮಾತ್ರ. ಬಿಡುವಿನಲ್ಲಿ ಹೋಗಿ ಸುಮ್ಮನೆ ನಿಂತು ನೋಡಿ. ಕಳೆದ ವರ್ಷದ ಡ್ರಾಯಿಂಗ್ ಹಿಡಿದುಕೊಂಡು ಹೋಗಿ, ಇದರಲ್ಲಿ ತಪ್ಪೇನೆಂದು ಕೇಳಿ.

ಒಂದು ಮಷೀನ್ ಶಾಪಿನಲ್ಲಿ ಮಿಲ್ಲಿಂಗ್ ಮಾಡುವ ಹಿರಿಯರೊಬ್ಬರು ಮೂರನೇ ವರ್ಷದ ಹುಡುಗನ ಪ್ಲೇಟಿನ ಡ್ರಾಯಿಂಗ್ ನೋಡಿ ಕನ್ನಡಕ ಸರಿಮಾಡಿಕೊಂಡರು. ‘ತಮ್ಮಾ, ಎಲ್ಲಾ ಕಡೆ ಪಾಯಿಂಟ್ ಝೀರೋ ಒನ್ ಯಾಕ ಬರದೀ? ಬೇರಿಂಗ್ ಎಲ್ಲಿ ಕೂಡತೈತಿ ತೋರ್ಸು.’ ಹುಡುಗ ತೋರಿಸಿದ. ‘ಹಂಗಾರ ಅಲ್ಲಷ್ಟ ಬರಿ. ಉಳದದ್ದು ಬರೇ ಬೋಲ್ಟ್ ಹೋಗೂ ತೂತು. ಅದಕ್ಕ ಯಾಕ ರೊಕ್ಕ ಕೊಡ್ತಿ?’ 608 ಬೇರಿಂಗಿನ ಹೊರ ವ್ಯಾಸ 22 ಮಿ.ಮೀ. ಅದು ಕೂರುವ ತೂತು ನಿಖರವಾಗಿರಲೇಬೇಕು. ಪ್ಲೇಟಿನ ಅಂಚು ಅರ್ಧ ಮಿಲಿಮೀಟರ್ ಆಚೀಚೆ ಆದರೆ ರೋಬೋಕ್ಕೆ ಗೊತ್ತೇ ಆಗುವುದಿಲ್ಲ. ಟಾಲರೆನ್ಸ್, ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದೆಂಬ ಪಾಠವನ್ನು ಆ ಹುಡುಗ ಸೆಮಿಸ್ಟರಿನಲ್ಲಿ ಓದಿ ಪಾಸಾಗಿದ್ದ. ದುಡ್ಡಿನ ಲೆಕ್ಕದಲ್ಲಿ ಅದು ತಲೆಗೆ ಹೋದದ್ದು ಅಲ್ಲಿ.

ಹಾಗೆಯೇ ಕಿಟಕಿ ಬಾಗಿಲು ಮಾಡುವ ಅಂಗಡಿಯಲ್ಲಿ ಸಿಗುವ ಅಲ್ಯುಮಿನಿಯಂ ಸೆಕ್ಷನ್ ಸಾಮಾನ್ಯವಾಗಿ 6063 ದರ್ಜೆಯದು. 6061ಕ್ಕಿಂತ ಮೆತ್ತಗೆ, ಆದರೆ ಅಗ್ಗ, ಕೈಗೆ ಸಿಗುವಂಥದ್ದು. ಚಾಸಿಗೆ ಅದೇ ಸಾಕು, ಪೆಟ್ಟು ತಿನ್ನುವ ತೋಳಿಗೆ ಸಾಲದಿರಬಹುದು. ತಂಡದಲ್ಲಿ ಒಬ್ಬರಾದರೂ ಒಂದೊಂದು ತುಂಡಿಗೆ ತೂಕ ತೂಗುಹಾಕಿ ಎಷ್ಟು ಬಾಗುತ್ತದೆಂದು ಅಳೆದು ಬರೆದಿಡಲಿ. ಬಾಗುವುದು ಎರಡೂ ದರ್ಜೆಯಲ್ಲಿ ಹೆಚ್ಚುಕಡಿಮೆ ಒಂದೇ, ತೂಕ ತೆಗೆದ ಮೇಲೆ ನೆಟ್ಟಗಾಗದೆ ಹಾಗೇ ಉಳಿಯುವುದರಲ್ಲಿ ವ್ಯತ್ಯಾಸ. ಇದನ್ನು ಕೈಯಾರೆ ನೋಡಿದವರು ಸೆಕ್ಷನ್ನಿನ ಅಳತೆ ಬದಲಿಸುತ್ತಾರೆ, ಬರೇ ದರ್ಜೆ ಬದಲಿಸಿ ಕೂರುವುದಿಲ್ಲ.

ಗಣಪತಿ ಹಬ್ಬದ ದಿನಗಳಲ್ಲಿ ಲ್ಯಾಬಿಗೆ ಬನ್ನಿ ಎಂದು ಯಾರನ್ನೂ ಕರೆಯಬೇಡಿ. ಬೆಳಗಾವಿಯಲ್ಲಿ ಆಗ ಯಾರೂ ಬರುವುದಿಲ್ಲ, ಬರಲೂಬಾರದು. ಆದರೆ ಯಾವುದಾದರೂ ಮಂಡಳದಲ್ಲಿ ಚಲಿಸುವ ದೃಶ್ಯ ಮಾಡಿದ್ದರೆ ಕಾರ್ಯಕರ್ತರ ಪರಿಚಯ ಮಾಡಿಕೊಂಡು ಪರದೆಯ ಹಿಂದೆ ಹೋಗಿ ನೋಡಿ. ರಾಕ್ಷಸನ ಕೈ ಮೇಲೆ ಕೆಳಗೆ ಆಡುವುದಕ್ಕೆ ಒಂದು ಮೋಟರು, ಒಂದು ಕ್ರ್ಯಾಂಕು, ಒಂದು ಸಲಾಕೆ. ಮೋಟರ್ ಒಂದೇ ದಿಕ್ಕಿಗೆ ತಿರುಗುತ್ತಲೇ ಇರುತ್ತದೆ. ಲಿಮಿಟ್ ಸ್ವಿಚ್ಚೂ ಇಲ್ಲ, ಕೋಡೂ ಇಲ್ಲ. ದಿನಗಟ್ಟಲೆ ಓಡಬೇಕಾದ ಯಂತ್ರವನ್ನು ಹೇಗೆ ಕಟ್ಟುತ್ತಾರೆಂದು ಮೂರು ನಿಮಿಷದ ಪಂದ್ಯಕ್ಕೆ ರೋಬೋ ಕಟ್ಟುವವರು ಒಮ್ಮೆ ನೋಡಲೇಬೇಕು. ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ಹಾಕಿದ್ದ ಒಂದು ಜಾಗದಲ್ಲಾದರೂ ಕ್ರ್ಯಾಂಕ್ ಹಾಕಬಹುದಿತ್ತೆಂದು ನಿಮಗೇ ಅನಿಸುತ್ತದೆ.

ಹೊಸಬರನ್ನು ಸೇರಿಸಿಕೊಳ್ಳುವ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಕ್ವಿಜ್ ಇಟ್ಟು, ಸಂದರ್ಶನ ಮಾಡಿ ಆರಿಸುವುದು ದಂಡ. ಹಳೇ ವರ್ಷದ ಆಟದ ಒಂದು ತುಣುಕು ಕೊಡಿ. 2014ರ ಪುಣೆಯ ಆಟದಲ್ಲಿ ದೊಡ್ಡ ರೋಬೋ ಸಣ್ಣ ರೋಬೋವನ್ನು ಮಗುವಿನಂತೆ ಎತ್ತಿ ಜೋಕಾಲಿ, ಸೀಸಾ ಆಡಿಸಬೇಕಿತ್ತು. ಜೋಕಾಲಿಯದೊಂದೇ ಸಾಕು: ಒಂದು ಕಿಲೋ ತೂಕದ ಡಬ್ಬಿಯನ್ನು ತೂಗಾಡುವ ಹಲಗೆಯ ಮೇಲೆ ಬೀಳದಂತೆ ಇಡುವ ಯಂತ್ರ ಮಾಡಿ ತೋರಿಸಿ ಎನ್ನಿ. ರಟ್ಟು, ಪ್ಲೈವುಡ್, ಲ್ಯಾಬಿನಲ್ಲಿ ಬಿದ್ದ ಎರಡು ಮೋಟರು, ಎರಡು ವಾರ. ಯಾರು ಕೊನೆ ತನಕ ಬರುತ್ತಾರೋ ಅವರೇ ತಂಡದವರು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವ ವಿದ್ಯಾರ್ಥಿಗಳನ್ನು ಮರೆಯಬೇಡಿ. ಲೇಥು, ಗ್ರೈಂಡರು, ವೆಲ್ಡಿಂಗು ಕೈಯಲ್ಲಿ ಪಳಗಿರುವುದು ಹೆಚ್ಚಾಗಿ ಅವರಿಗೇ. ಇಂಗ್ಲಿಷಿನ ಸಂದರ್ಶನ ಇಟ್ಟರೆ ಮೊದಲು ಉದುರುವವರೂ ಅವರೇ.

ದಾಟಿಸುವ ಕೆಲಸ ಆಯಿತೋ ಇಲ್ಲವೋ ನೋಡುವುದಕ್ಕೆ ಒಂದು ಪರೀಕ್ಷೆ ಇದೆ. ದಸರೆಗೆ ಮುಂಚೆ ಒಂದು ಶನಿವಾರ ಸೀನಿಯರ್‌ಗಳು ಲ್ಯಾಬಿನಲ್ಲಿ ಕೈಕಟ್ಟಿ ಕೂರಬೇಕು, ಬಾಯಿಯನ್ನೂ ಮುಚ್ಚಿಕೊಂಡು. ಜೂನಿಯರ್‌ಗಳು ಖಾಲಿ ಲ್ಯಾಪ್‌ಟಾಪಿನಲ್ಲಿ ತಂಡದ ಕೋಡ್ ಇಟ್ಟ ಗಿಟ್‌ನಿಂದ ಅದನ್ನು ಇಳಿಸಿ, ಕಂಪೈಲ್ ಮಾಡಿ, ಬೋರ್ಡಿಗೆ ಹಾಕಿ, ರೋಬೋ ಓಡಿಸಬೇಕು. ನೂರಕ್ಕೆ ನೂರು ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾವುದೋ ಲೈಬ್ರರಿ ಒಬ್ಬನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುತ್ತದೆ, ಯಾವುದೋ ವೈರಿನ ಬಣ್ಣಕ್ಕೆ ಅರ್ಥ ಒಬ್ಬಳಿಗೆ ಮಾತ್ರ ಗೊತ್ತಿರುತ್ತದೆ. ಎಲ್ಲೆಲ್ಲಿ ಸಿಕ್ಕಿಕೊಂಡರೋ ಅದನ್ನು ಜೂನಿಯರ್‌ಗಳೇ ಬರೆಯಲಿ, ಉತ್ತರ ಸೀನಿಯರ್‌ಗಳು ಬರೆಯಲಿ. ಕೈಪಿಡಿ ಎಂದು ಬೇರೆ ಬರೆಯುವ ಅಗತ್ಯವೇ ಇಲ್ಲ. ಸೀನಿಯರ್ ತಾನಾಗಿ ಬರೆದ ಕೈಪಿಡಿಯಲ್ಲಿ ಅವನಿಗೆ ಮುಖ್ಯವೆನಿಸಿದ್ದು ಇರುತ್ತದೆ, ಹೊಸಬರು ಎಡವುವ ಜಾಗ ಇರುವುದಿಲ್ಲ.

ಶಾಲೆಗಳ ಅಟಲ್ ಟಿಂಕರಿಂಗ್ ಲ್ಯಾಬುಗಳಿಗೆ ಹೋಗಿ ಮಕ್ಕಳಿಗೆ ತೋರಿಸುವುದು ಒಳ್ಳೆಯದು. ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿನವರಿಗೆ ಪಿಐಡಿ (ಗುರಿಯಿಂದ ಎಷ್ಟು ತಪ್ಪಿದೆ ನೋಡಿ ಮೋಟರಿನ ಪವರ್ ತಿದ್ದುತ್ತಾ ಹೋಗುವ ಲೆಕ್ಕ) ಅಂದರೇನು ಎಂದು ಹೇಳಲು ಬಂದರೆ ಅರ್ಥವಾಗಿದೆ ಎಂದಾಯಿತು. ಆದರೆ ಫೋಟೊ ಮತ್ತು ಸರ್ಟಿಫಿಕೇಟಿಗಾಗಿ ವಾರಕ್ಕೊಂದು ವರ್ಕ್‌ಶಾಪ್ ಬೇಡ. ಪ್ರಾಯೋಜಕರ ವಿಚಾರಕ್ಕೆ ಬಂದರೆ, ಖಂಡೆಪೂಜೆಯ (ಆಯುಧಪೂಜೆಯ) ದಿನ ಕಾರ್ಖಾನೆಗಳಿಗೆ ಹೋಗಿ ಬನ್ನಿ. ಯಂತ್ರ ನಿಂತಿರುತ್ತದೆ, ಮಾಲಕರಿಗೆ ಮಾತಾಡಲು ಸಮಯ ಇರುತ್ತದೆ. ದುಡ್ಡು ಕೇಳಬೇಡಿ. ಮುಂದಿನ ಮೂರು ತಿಂಗಳಲ್ಲಿ ಎಷ್ಟು ಗಂಟೆ ಮಷೀನ್ ಕೊಡುತ್ತೀರಿ ಎಂದು ಕೇಳಿ. ಅದನ್ನು ಕೊಡುವುದು ಅವರಿಗೂ ಸುಲಭ.

ಹಬ್ಬ ಮುಗಿದ ಮೇಲೆ ರೋಬೋ ಬಿಚ್ಚಿ, ಈಗ ಸಂತೋಷದಿಂದ. ಬಿಚ್ಚುವಾಗ ಪ್ರತಿ ಮೋಟರಿಗೆ ನಂಬರಿನ ಚೀಟಿ ಅಂಟಿಸಿ, ಬರೇ ಮೋಟರನ್ನು ಓಡಿಸಿ ನೋ-ಲೋಡ್ ಕರೆಂಟ್ ಅಳೆದು ಅದೇ ಚೀಟಿಯಲ್ಲಿ ಬರೆಯಿರಿ. ಒಂದೇ ಮಾದರಿಯ ನಾಲ್ಕರಲ್ಲಿ ಒಂದು ಎದ್ದು ಕಾಣುವಷ್ಟು ಹೆಚ್ಚು ಎಳೆದರೆ ಅದರ ಗೇರ್‌ಬಾಕ್ಸ್ ಅಥವಾ ಬ್ರಷ್ ಸವೆದಿದೆ ಎಂದು ಅನುಮಾನಿಸಿ, ಡ್ರೈವ್‌ಗೆ ಹಾಕಬೇಡಿ. ಬೋಲ್ಟುಗಳನ್ನು ಅಳತೆವಾರು ಬೇರೆ ಬೇರೆ ಇಡಿ, ಒಮ್ಮೆ ಬಳಸಿದ ನೈಲಾಕ್ (ಒಳಗೆ ನೈಲಾನ್ ಉಂಗುರ ಇರುವ) ನಟ್ಟುಗಳ ಹಿಡಿತ ಕಡಿಮೆಯಾಗಿರುತ್ತದೆ, ಅವನ್ನು ಪಂದ್ಯದ ರೋಬೋಕ್ಕೆ ಮತ್ತೆ ಬಳಸಬೇಡಿ.

ನಿಯಮ ಪುಸ್ತಕ ಬಂದ ದಿನ ಈ ಎಲ್ಲ ಕೆಲಸ ಅಲ್ಲಿಗೇ ನಿಲ್ಲಲಿ, ಅರ್ಧ ಆಗಿದ್ದರೂ ಸರಿ. ಮೊದಲ ವಾರ ಕ್ಯಾಡ್ ತೆರೆಯಬಾರದು. ಪುಸ್ತಕವನ್ನು ಮೊದಲು ಎರಡನೇ ವರ್ಷದವರು ಓದಿ ಸಂದೇಹಗಳನ್ನು ಬರೆಯಲಿ, ಸೀನಿಯರ್‌ಗಳು ಆಮೇಲೆ ಓದಲಿ. ಹಳೇ ಆಟ ಆಡಿದವರು ಹೊಸ ನಿಯಮದಲ್ಲೂ ಹಳೆಯದನ್ನೇ ಕಾಣುತ್ತಾರೆ, ಅದಕ್ಕೆ ಈ ಕ್ರಮ. ಉತ್ತರ ಸಿಗದ ಪ್ರಶ್ನೆಗಳನ್ನು ಆ ವಾರದಲ್ಲೇ ಸಂಘಟಕರಿಗೆ ಕಳಿಸಿ.